ಆರ್‌ಸಿ ಇದೆ, ಗಾಡಿ ಬಂದದ್ದೆಲ್ಲಿಂದ?

2025ರ ಸೆಪ್ಟೆಂಬರ್ 23ರಂದು ಕೊಚ್ಚಿಯ ಕಸ್ಟಮ್ಸ್ ಅಧಿಕಾರಿಗಳು ಕೇರಳದ ಹಲವೆಡೆ ಒಂದೇ ದಿನ ದಾಳಿ ಮಾಡಿ ಮೂವತ್ತಕ್ಕೂ ಹೆಚ್ಚು ಗಾಡಿಗಳನ್ನು ವಶಪಡಿಸಿಕೊಂಡರು. ‘ಆಪರೇಷನ್ ನುಮ್‌ಖೋರ್’ ಎಂಬ ಹೆಸರಿನ ಆ ದಾಳಿ ಸಿನಿಮಾ ನಟರ ಮನೆಬಾಗಿಲನ್ನೂ ಮುಟ್ಟಿದ್ದರಿಂದ ನಾಲ್ಕು ದಿನ ಎಲ್ಲೆಲ್ಲೂ ಅದೇ ಮಾತು. ನಟರ ವಿಚಾರ ಹಾಗಿರಲಿ. ನನ್ನ ಮನಸ್ಸಿನಲ್ಲಿ ಕೂತದ್ದು ಇನ್ನೊಂದು ಸಂಗತಿ. ಅವು ಶೆಡ್ಡಿನಲ್ಲಿ ಬಚ್ಚಿಟ್ಟ ಗಾಡಿಗಳಲ್ಲ. ಭಾರತದ ನಂಬರ್ ಪ್ಲೇಟ್ ಹಾಕಿಕೊಂಡು ಹಾಡಹಗಲೇ ರಸ್ತೆಯಲ್ಲಿ ಓಡಾಡುತ್ತಿದ್ದಂಥವು. ನೋಂದಣಿ ಮಾಡಿಕೊಟ್ಟದ್ದು ನಮ್ಮದೇ ದೇಶದ ಯಾವುದೋ ಆರ್‌ಟಿಒ ಕಚೇರಿ.

ಕಸ್ಟಮ್ಸ್‌ನವರು ಹೇಳುವ ಕತೆ ಹೀಗಿದೆ. ಭೂತಾನದಲ್ಲಿ ಸೇನೆ ಮತ್ತಿತರರು ಬಳಸಿ ಬಿಟ್ಟ ಲ್ಯಾಂಡ್ ಕ್ರೂಸರ್‌ನಂಥ ಗಾಡಿಗಳನ್ನು ಅಗ್ಗಕ್ಕೆ ಕೊಳ್ಳುವುದು, ಗಡಿ ದಾಟಿಸುವುದು, ಸೇನೆಯದೋ ರಾಯಭಾರ ಕಚೇರಿಯದೋ ಎನ್ನುವಂಥ ನಕಲಿ ಕಾಗದ ಹುಟ್ಟಿಸಿ ದೂರದ ಗುಡ್ಡಗಾಡು ರಾಜ್ಯವೊಂದರಲ್ಲಿ ನೋಂದಣಿ ಮಾಡಿಸುವುದು, ಆಮೇಲೆ ದಕ್ಷಿಣಕ್ಕೆ ತಂದು ಮಾರುವುದು. ಯಾರು ತಿಳಿದು ಮಾಡಿದರು, ಯಾರು ನಂಬಿ ಕೊಂಡರು ಎನ್ನುವುದನ್ನು ನ್ಯಾಯಾಲಯ ಹೇಳಬೇಕು. ಆದರೆ ಈ ದಾರಿ ಎಷ್ಟು ಸಲೀಸು ಎಂಬುದು ಆ ಗಡಿಯನ್ನು ನೋಡಿದವರಿಗೆ ಗೊತ್ತು. ಬಂಗಾಳದ ಜೈಗಾಂವ್ ಪಟ್ಟಣದಿಂದ ಒಂದು ಹೆಬ್ಬಾಗಿಲು ದಾಟಿದರೆ ಭೂತಾನದ ಫುಂಟ್‌ಶೋಲಿಂಗ್. ಅಲ್ಲಿಯೂ ಎಡಬದಿಯ ಸಂಚಾರ, ಅಲ್ಲಿನ ಗಾಡಿಗೂ ಬಲಗಡೆಯೇ ಸ್ಟೇರಿಂಗ್. ಪ್ಲೇಟ್ ಬದಲಾಯಿಸಿದರೆ ಅದು ಹೊರಗಿನಿಂದ ಬಂದ ಗಾಡಿ ಎಂದು ಮೇಲ್ನೋಟಕ್ಕೆ ಸುಳಿವು ಕೊಡುವುದು ಯಾವುದೂ ಇಲ್ಲ.

ಇದೆಲ್ಲ ಕೇರಳದ ಮಾತು ಎಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮೂಡಿಗೆರೆ ಕಡೆಯ ಪರಿಚಯದ ಕಾಫಿ ಬೆಳೆಗಾರರೊಬ್ಬರ ಜೊತೆ ಬೆಂಗಳೂರಿನ ಹೊರವಲಯದ ಸೆಕೆಂಡ್ ಹ್ಯಾಂಡ್ ಗಾಡಿಗಳ ಯಾರ್ಡೊಂದಕ್ಕೆ ನಾನೂ ಹೋಗಿದ್ದೆ. ಅವರ ಕಣ್ಣು ಒಂದು ಹಳೆಯ ಲ್ಯಾಂಡ್ ಕ್ರೂಸರ್ ಮೇಲೆ. ನೋಂದಣಿ ಹೊರರಾಜ್ಯದ್ದು. ಬೆಲೆ ಆ ಗಾಡಿಗೆ ಇರಬೇಕಾದುದಕ್ಕಿಂತ ತೀರಾ ಕಡಿಮೆ.

“ಪೇಪರೆಲ್ಲ ಕ್ಲಿಯರ್ ಇದೆ ಸಾರ್. ಎನ್‌ಒಸಿ ಒಂದು ಬರಬೇಕು, ಅಷ್ಟೇ. ನೀವು ಅಡ್ವಾನ್ಸ್ ಕೊಡಿ, ಮಿಕ್ಕಿದ್ದು ನಮ್ ಹುಡುಗ ನೋಡ್ಕೋತಾನೆ” ಎಂದ ಬ್ರೋಕರ್.

“ಬಿಲ್ ಆಫ್ ಎಂಟ್ರಿ ಎಲ್ಲಪ್ಪಾ?”

“ಅದು ಫಸ್ಟ್ ಓನರ್ ಹತ್ರ ಇರುತ್ತೆ ಸಾರ್. ಇಪ್ಪತ್ತು ವರ್ಷದ ಗಾಡಿಗೆ ಈಗ ಅದ್ಯಾಕೆ ಬೇಕು? ಆರ್‌ಸಿ ಇದ್ಯಲ್ಲ!”

ಬೆಳೆಗಾರರು ಅಡ್ವಾನ್ಸ್ ಕೊಡಲಿಲ್ಲ. ನಾಳೆ ಇನ್ನೊಬ್ಬರು ಬಂದು ಕೊಡುತ್ತಾರೆ. ‘ಆರ್‌ಸಿ ಇದ್ಯಲ್ಲ’ ಎಂಬ ಆ ಮಾತಿಗೆ ನಮ್ಮಲ್ಲಿ ಅಷ್ಟು ಬೆಲೆ. ಆರ್‌ಸಿ ಎಂದರೆ ಒಂದು ದಿನ ಒಂದು ಕಚೇರಿಯ ಮುಂದೆ ಯಾರೋ ಇಟ್ಟ ಕಾಗದಗಳನ್ನು ನೋಡಿ ಆ ಕಚೇರಿ ಬರೆದುಕೊಂಡ ಟಿಪ್ಪಣಿ. ಇಟ್ಟ ಕಾಗದವೇ ಸುಳ್ಳಾಗಿದ್ದರೆ ಟಿಪ್ಪಣಿ ಎಷ್ಟು ಅಚ್ಚುಕಟ್ಟಾಗಿದ್ದರೂ ಪ್ರಯೋಜನವಿಲ್ಲ. ಮೋಟಾರು ವಾಹನ ಕಾಯ್ದೆಯ 55ನೇ ಕಲಮಿನಲ್ಲಿ ಇದು ಸ್ಪಷ್ಟವಾಗಿಯೇ ಇದೆ: ಸುಳ್ಳು ದಾಖಲೆಯಿಂದ ನೋಂದಣಿ ಪಡೆದದ್ದು ಖಚಿತವಾದರೆ, ಅಥವಾ ಆರ್‌ಸಿಯಲ್ಲಿರುವ ಎಂಜಿನ್ ನಂಬರೋ ಚಾಸಿ ನಂಬರೋ ಗಾಡಿಯ ಮೇಲಿನದಕ್ಕೆ ತಾಳೆಯಾಗದಿದ್ದರೆ, ಮಾಲೀಕರ ಅಹವಾಲು ಕೇಳಿದ ಬಳಿಕ ನೋಂದಣಿಯನ್ನು ರದ್ದು ಮಾಡಬೇಕು. ಅಹವಾಲು ಹೇಳಬೇಕಾದವರು ಆ ಹೊತ್ತಿಗೆ ಗಾಡಿಯ ಮೂರನೆಯದೋ ನಾಲ್ಕನೆಯದೋ ಮಾಲೀಕರು. ಸುಳ್ಳು ಕಾಗದ ಇಟ್ಟವನು ಯಾವತ್ತೋ ದುಡ್ಡು ಎಣಿಸಿಕೊಂಡು ಹೋಗಿರುತ್ತಾನೆ.

ಬಿಲ್ ಆಫ್ ಎಂಟ್ರಿ, ಅಂದರೆ ಗಾಡಿ ಆಮದಾದಾಗ ಕಸ್ಟಮ್ಸ್‌ಗೆ ಕೊಟ್ಟ ಪತ್ರ, ಇಪ್ಪತ್ತು ವರ್ಷದ ಮೇಲೂ ಯಾಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಆಮದಿನ ನಿಯಮಗಳಲ್ಲೇ ಇದೆ. ಬಳಸಿದ ಗಾಡಿಯನ್ನು ಭಾರತಕ್ಕೆ ತರಬೇಕಾದರೆ ಅದು ತಯಾರಾಗಿ ಮೂರು ವರ್ಷ ಮೀರಿರಬಾರದು. ಸ್ಟೇರಿಂಗ್ ಬಲಕ್ಕಿರಬೇಕು, ಸ್ಪೀಡೋಮೀಟರ್ ಕಿಲೋಮೀಟರಿನಲ್ಲಿರಬೇಕು, ಹೆಡ್‌ಲೈಟಿನ ಬೆಳಕು ಎಡಬದಿಯ ಸಂಚಾರಕ್ಕೆ ಹೊಂದಬೇಕು. ಬಂದಮೇಲೆ ಇನ್ನೂ ಐದು ವರ್ಷ ರಸ್ತೆಯಲ್ಲಿ ಓಡುವ ಯೋಗ್ಯತೆ ಇರಬೇಕು. ಬಳಸಿದ ಗಾಡಿಗಳಿಗೆ ಈ ನೀತಿ ತೆರೆದಿರುವುದು ಮುಂಬೈ ಬಂದರು ಒಂದನ್ನೇ. ಇದರ ಮೇಲೆ ಸುಂಕ, ತೆರಿಗೆ ಎಲ್ಲ ಸೇರಿದರೆ ಗಾಡಿಯ ಬೆಲೆಯ ಎರಡು ಪಟ್ಟಿಗೂ ಮೇಲೆ ಹೋಗುತ್ತದೆ. ಹದಿನೈದು ವರ್ಷ ಹಳೆಯ ವಿದೇಶಿ ಗಾಡಿಯೊಂದನ್ನು ಯಾರಾದರೂ ಈಚೆಗೆ ತರಿಸಿ ನೋಂದಣಿ ಮಾಡಿಸಿದ್ದೇನೆ ಎಂದರೆ, ಅದು ಯಾವ ಬಾಗಿಲಿಂದ ಬಂತು ಎಂದು ಕೇಳಲೇಬೇಕಾಗುತ್ತದೆ.

ನ್ಯಾಯವಾದ ಬಾಗಿಲುಗಳು ಇಲ್ಲದಿಲ್ಲ. ಹೊಸದಾಗಿದ್ದಾಗಲೇ ಸುಂಕ ಕಟ್ಟಿ ತರಿಸಿ ಇಲ್ಲಿಯೇ ಹಳತಾದ ಗಾಡಿಗಳಿವೆ. ಹೊರದೇಶದಲ್ಲಿ ವರ್ಷಗಟ್ಟಲೆ ನೆಲೆಸಿದ್ದವರು ವಾಪಸು ಬರುವಾಗ ಮನೆ ಸಾಮಾನಿನ ಜೊತೆ ತಂದ ಗಾಡಿಗಳಿವೆ. ರಾಯಭಾರ ಕಚೇರಿಯವರು ಸುಂಕವಿಲ್ಲದೆ ತಂದು, ಬಿಟ್ಟುಹೋಗುವಾಗ ಅನುಮತಿ ಪಡೆದು ಮಾರಿದವಿವೆ. ಒಂದು ಕಾಲದಲ್ಲಿ ರಾಯಭಾರಿಗಳು ಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುತ್ತಿತ್ತು, ಊರಿಗೊಬ್ಬ ಶ್ರೀಮಂತರ ಮನೆಯಲ್ಲಿ ಆ ಹರಾಜಿನ ಮರ್ಸಿಡಿಸ್ ಒಂದು ಇರುತ್ತಿತ್ತು. ಇದೇ ಬಾಗಿಲಲ್ಲಿ ನುಸುಳಿದವರೂ ಇದ್ದಾರೆ. ರಾಯಭಾರಿಗಳ ಹೆಸರಿನಲ್ಲಿ ಸುಂಕವಿಲ್ಲದೆ ದುಬಾರಿ ಕಾರು ತರಿಸಿ ಬೇರೆಯವರಿಗೆ ಮಾರುತ್ತಿದ್ದ ಜಾಲವೊಂದನ್ನು 2021ರ ಜುಲೈನಲ್ಲಿ ಕಂದಾಯ ಗುಪ್ತಚರ ನಿರ್ದೇಶನಾಲಯ ಹಿಡಿಯಿತು. ನ್ಯಾಯವಾದ ದಾರಿ ಯಾವುದೇ ಇರಲಿ, ಅದು ಹಿಂದೊಂದು ಕಾಗದ ಬಿಟ್ಟೇ ಹೋಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 47ನೇ ನಿಯಮ ಆಮದಾದ ಗಾಡಿಗೆ ಕಸ್ಟಮ್ಸ್ ತೇರ್ಗಡೆಯ ಪತ್ರವನ್ನು ಕೇಳುವುದು ಅದಕ್ಕೇ.

ಅದೇ ನಿಯಮ ಸೇನೆಯ ಹರಾಜಿನಿಂದ ಬಂದ ಗಾಡಿಗೆ ಸಂಬಂಧಪಟ್ಟ ಅಧಿಕಾರಿಯ ಮೂಲ ಮಾರಾಟ ಪತ್ರವನ್ನೂ ಕೇಳುತ್ತದೆ. ಇದನ್ನು ಓದಿದಾಗಲೆಲ್ಲ ನನಗೆ ನಮ್ಮ ಮಲೆನಾಡಿನ ನೆನಪು. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ಎಸ್ಟೇಟುಗಳಲ್ಲಿ ಡಿಸ್ಪೋಸಲ್ ಜೀಪು ಎಂದರೆ ಮನೆಯ ಆಳಿಗಿಂತ ಹೆಚ್ಚು ದುಡಿದ ಗಾಡಿ. ಕಾಫಿ ಮೂಟೆ ಹೊತ್ತದ್ದು ಅದೇ, ಮಳೆಗಾಲದ ಕೆಸರಿನಲ್ಲಿ ಬಸುರಿ ಹೆಂಗಸರನ್ನು ಆಸ್ಪತ್ರೆಗೆ ಮುಟ್ಟಿಸಿದ್ದೂ ಅದೇ. ಹಳೆಯ ವಿಲ್ಲೀಸ್ ಜೀಪು, ಜಬಲ್‌ಪುರದ ಕಾರ್ಖಾನೆಯಿಂದ ಸೇನೆಗೆ ಹೋಗಿ ಸೇನೆಯಿಂದ ಹರಾಜಿಗೆ ಬಂದ ಜೋಂಗಾ, ಇವೆಲ್ಲ ಅಜ್ಜ ಕೊಂಡದ್ದು, ಅಪ್ಪ ಓಡಿಸಿದ್ದು. ಮೊಮ್ಮಗ ಈಗ ತನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋದರೆ ಹರಾಜಿನ ಪತ್ರವನ್ನು ಗೆದ್ದಲು ತಿಂದಿರುತ್ತದೆ, ಆರ್‌ಸಿ ಪುಸ್ತಕದ ಅಂಚು ಹರಿದು ಎರಡಕ್ಷರ ಹೋಗಿರುತ್ತದೆ. ಇಂಥವರನ್ನು ಕಳ್ಳಗಾಡಿಯವರ ಸಾಲಿನಲ್ಲಿ ನಿಲ್ಲಿಸಿ ಮಾತಾಡಿಸುವುದು ಘೋರ ಅನ್ಯಾಯ.

ಕಳೆದುಹೋದ ಕಾಗದವೇ ಬೇರೆ, ಹುಟ್ಟಿಯೇ ಇಲ್ಲದ ಕಾಗದವೇ ಬೇರೆ. ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಕಳೆದುಹೋದ ಕಾಗದಕ್ಕೆ ಎಲ್ಲಾದರೂ ಒಂದು ಜೋಡಿ ಇರುತ್ತದೆ. ನೋಂದಣಿಯಾದ ಆರ್‌ಟಿಒದಲ್ಲಿ ಬಿ ರಿಜಿಸ್ಟರ್ ಎಂಬ ನೋಂದಣಿ ಪುಸ್ತಕ ಇರುತ್ತದೆ, ಅರ್ಜಿ ಹಾಕಿದರೆ ಅದರ ನಕಲಾದ ಬಿ ಎಕ್ಸ್‌ಟ್ರ್ಯಾಕ್ಟ್ ಸಿಗುತ್ತದೆ. ಹಳೆಯ ತೆರಿಗೆ ಕಾರ್ಡು, ಇನ್ಶೂರೆನ್ಸ್ ಪಾಲಿಸಿ, ಬ್ಯಾಂಕಿನ ಸಾಲದ ಪತ್ರ, ಊರ ಗ್ಯಾರೇಜಿನ ಬಿಲ್ಲು ಹೀಗೆ ಒಂದಲ್ಲ ಒಂದು ಹೊರಬರುತ್ತದೆ, ಎಲ್ಲದರಲ್ಲೂ ಅದೇ ಚಾಸಿ ನಂಬರು. ಹುಟ್ಟಿಯೇ ಇಲ್ಲದ ಕಾಗದಕ್ಕೆ ಜೋಡಿ ಎಲ್ಲಿಂದ ಬರಬೇಕು? ಗಾಡಿಯ ಕತೆ ಒಂದು ತಾರೀಖಿನಿಂದ ತಟ್ಟನೆ ಶುರುವಾಗುತ್ತದೆ. ಅದಕ್ಕಿಂತ ಹಿಂದಿನ ಹದಿನೈದು ವರ್ಷ ಆ ಗಾಡಿ ಎಲ್ಲಿ ಪೆಟ್ರೋಲ್ ಹಾಕಿಸಿಕೊಂಡಿತು, ಯಾರು ಇನ್ಶೂರೆನ್ಸ್ ಕಟ್ಟಿದರು ಎಂದು ಕೇಳಿದರೆ ಉತ್ತರವಿಲ್ಲ.

ಗಾಡಿಯ ಮೈಯೇ ಹೇಳುವ ಮಾತೂ ಇದೆ. ಆರ್‌ಟಿಒ ಆವರಣದಲ್ಲಿ ಚಾಸಿ ಪ್ರಿಂಟ್ ತೆಗೆಯುವುದನ್ನು ನಿಂತು ನೋಡಿ. ಚೌಕಟ್ಟಿನ ಕಬ್ಬಿಣದ ಮೇಲಿನ ಮಣ್ಣು, ಗ್ರೀಸನ್ನು ಬಟ್ಟೆಯಿಂದ ಒರೆಸಿ, ಒಂದು ತೆಳುಹಾಳೆಯನ್ನು ಬಿಗಿಯಾಗಿ ಒತ್ತಿ ಹಿಡಿದು, ಪೆನ್ಸಿಲನ್ನು ಅಡ್ಡಕ್ಕೆ ಮಲಗಿಸಿ ಉಜ್ಜುತ್ತಾರೆ. ಹಾಳೆ ಕಪ್ಪಾಗುತ್ತ ಬಂದಂತೆ ಒಳಕ್ಕೆ ಕೊರೆದ ಅಕ್ಷರಗಳು ಬೆಳ್ಳಗೆ ಒಂದೊಂದಾಗಿ ಮೂಡುತ್ತವೆ. ಕಾರ್ಖಾನೆ ಹೊಡೆದ ಅಕ್ಷರಗಳಿಗೆ ಒಂದೇ ಆಳ, ಒಂದೇ ಅಂತರ, ಒಂದೇ ಸಾಲು. ಆಮೇಲೆ ಯಾರೋ ಸುತ್ತಿಗೆಯಲ್ಲಿ ಹೊಡೆದದ್ದಾದರೆ ಒಂದು ಅಂಕಿ ಮೇಲೆ, ಒಂದು ಅಂಕಿ ಕೆಳಗೆ. ಹಳೆಯದನ್ನು ಉಜ್ಜಿ ಅಳಿಸಿದ ಜಾಗದ ಕಬ್ಬಿಣ ಸುತ್ತಲಿನದಕ್ಕಿಂತ ತಗ್ಗಾಗಿರುತ್ತದೆ, ಬೆರಳಾಡಿಸಿದರೆ ಗೊತ್ತಾಗುತ್ತದೆ. ಇಂದು ಜಗತ್ತಿನ ಹೆಚ್ಚಿನ ಕಡೆ ಚಾಸಿ ನಂಬರ್ ಎಂದರೆ 17 ಅಕ್ಷರ-ಅಂಕಿಗಳು. ಒಂದು, ಸೊನ್ನೆಗಳ ಜೊತೆ ಗೊಂದಲವಾಗದಿರಲೆಂದು ಅದರಲ್ಲಿ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಜಪಾನಿನವರು ತಮ್ಮ ದೇಶದ ಒಳಗಿನ ಮಾರಾಟಕ್ಕೆ ಮಾಡಿದ ಗಾಡಿಗಳಲ್ಲಿ ಈ 17ರ ಲೆಕ್ಕವಿಲ್ಲ. ಅಲ್ಲಿ ಮಾಡೆಲ್ಲಿನ ಸಂಕೇತ, ಒಂದು ಅಡ್ಡಗೆರೆ, ಆಮೇಲೆ ಕೆಲವು ಅಂಕಿ, ಅಷ್ಟೇ. ಜಪಾನಿನ ಬೀದಿಗೆಂದು ಹುಟ್ಟಿದ ಗಾಡಿಯ ಆರ್‌ಸಿಯಲ್ಲಿ 17 ಅಕ್ಷರವಿದ್ದರೆ ಯಾರೋ ಕೂತು ಅದನ್ನು ಸೃಷ್ಟಿಸಿದ್ದಾರೆ ಎಂದೇ ಅರ್ಥ. ಇಷ್ಟನ್ನು ತಿಳಿಯಲು ತಜ್ಞರೇ ಆಗಬೇಕಿಲ್ಲ, ಬಾನೆಟ್ ಎತ್ತಿ ಬಗ್ಗಿ ನೋಡುವ ತಾಳ್ಮೆ ಇದ್ದರೆ ಸಾಕು.

ಇನ್ನೊಂದು ಸುಳಿವು ನೋಂದಣಿಯಾದ ಊರು. ಮಾಲೀಕರು ವಾಸವಿರುವ ಅಥವಾ ಗಾಡಿ ಸಾಮಾನ್ಯವಾಗಿ ಇರುವ ರಾಜ್ಯದಲ್ಲಿ ನೋಂದಣಿ ಮಾಡಿಸಬೇಕೆಂಬುದು ಕಾಯ್ದೆಯ ಮಾತು. ಕೊಚ್ಚಿಯಲ್ಲೋ ಬೆಂಗಳೂರಲ್ಲೋ ಓಡುವ ಗಾಡಿ ಹಿಮಾಲಯದ ತಪ್ಪಲಿನ ಪುಟ್ಟ ಕಚೇರಿಯಲ್ಲಿ ಮೊದಲ ನೋಂದಣಿ ಕಂಡಿದ್ದರೆ ಅದಕ್ಕೊಂದು ಕಾರಣ ಬೇಕಲ್ಲ? ಕೆಲವೊಮ್ಮೆ ಕಾರಣ ಬರೀ ತೆರಿಗೆ. ಕರ್ನಾಟಕದಲ್ಲಿ 20 ಲಕ್ಷ ರೂಪಾಯಿಗೆ ಮೇಲ್ಪಟ್ಟ ಕಾರಿಗೆ ಜೀವಿತಾವಧಿ ತೆರಿಗೆ ಶೇ 18. ಕೋಟಿ ಬೆಲೆಯ ಕಾರಿಗೆ ಅದೇ ಹದಿನೆಂಟು ಲಕ್ಷ ಆಗುತ್ತದೆ. ಅದಕ್ಕೆಂದೇ ಪುದುಚೇರಿಯ ಪ್ಲೇಟ್ ಹಾಕಿಸಿಕೊಂಡು ಬೆಂಗಳೂರಲ್ಲಿ ವರ್ಷಗಟ್ಟಲೆ ಓಡಾಡಿದವರಿದ್ದಾರೆ, ನಮ್ಮ ಸಾರಿಗೆ ಇಲಾಖೆ 2025ರ ಫೆಬ್ರವರಿಯಲ್ಲಿ ಅಂಥ ದುಬಾರಿ ಕಾರುಗಳನ್ನು ಸಾಲಾಗಿ ಹಿಡಿದು ನಿಲ್ಲಿಸಿತ್ತು. ತೆರಿಗೆ ತಪ್ಪಿಸಿದ ಗಾಡಿ ದಂಡ ಕಟ್ಟಿ ಬಿಡಿಸಿಕೊಂಡು ಬರುತ್ತದೆ. ಕಳ್ಳದಾರಿಯಲ್ಲಿ ಬಂದ ಗಾಡಿಯ ವಿಚಾರ ಹಾಗಲ್ಲ. ಕಸ್ಟಮ್ಸ್ ಕಾಯ್ದೆಯಡಿ ಅದು ಮುಟ್ಟುಗೋಲಿಗೆ ಗುರಿಯಾಗುವ ಮಾಲು. ಬಾಂಡ್, ಭದ್ರತೆ ಕೊಟ್ಟು ತಾತ್ಕಾಲಿಕವಾಗಿ ಬಿಡಿಸಿಕೊಳ್ಳಲು ಅರ್ಜಿ ಹಾಕಬಹುದು, ಆದರೆ ಗಾಡಿ ಉಳಿಯುತ್ತದೋ ಇಲ್ಲವೋ ಎಂಬುದು ಕೊನೆಯ ತನಕ ತೂಗುಗತ್ತಿ.

ಕಳ್ಳದಾರಿಗಳಲ್ಲಿ ನನಗೆ ಹೆಚ್ಚು ಆತಂಕ ತರುವುದು ಬ್ಯಾಕ್‌ಲಾಗ್ ಎಂಟ್ರಿ. ಕೈಬರಹದ ರಿಜಿಸ್ಟರುಗಳ ಕಾಲದಲ್ಲಿ ನೋಂದಣಿಯಾದ ಗಾಡಿಗಳನ್ನು ವಾಹನ್ ಎಂಬ ಕಂಪ್ಯೂಟರ್ ವ್ಯವಸ್ಥೆಗೆ ಸೇರಿಸಲು ಮಾಡಿಕೊಂಡ ಅನುಕೂಲ ಇದು. ಲಕ್ಷಾಂತರ ಪ್ರಾಮಾಣಿಕರಿಗೆ ಇದರಿಂದ ಉಪಕಾರವಾಗಿದೆ. ಹಳೆಯ ಪುಸ್ತಕದಲ್ಲಿ ಇಲ್ಲದ ಗಾಡಿಯನ್ನು ಇತ್ತೆಂದು ಹೇಳಿ ಸೇರಿಸಿಬಿಟ್ಟರೆ ಮಾತ್ರ ಅದು ಅಲ್ಲಿಂದ ಮುಂದೆ ದೇಶದ ಎಲ್ಲ ಕಚೇರಿಗಳಿಗೂ ಸಾಚಾ ಗಾಡಿಯೇ. ಮೊಬೈಲಿನಲ್ಲಿ ನಂಬರ್ ಒತ್ತಿದರೆ ಮಾಲೀಕರ ವಿವರ, ಇನ್ಶೂರೆನ್ಸ್, ಫಿಟ್‌ನೆಸ್ ಎಲ್ಲ ಹಸಿರು ಬಣ್ಣದಲ್ಲಿ ಕಾಣುತ್ತದೆ. ಕೊಳ್ಳುವವರು ನೋಡುವುದು ಆ ಹಸಿರನ್ನೇ. ಅದರ ಹಿಂದಿನ ಪುಸ್ತಕವನ್ನು ತೆರೆಸಿ ನೋಡಿದವರು ಎಷ್ಟು ಮಂದಿ?

ಅದಕ್ಕೇ ಇಂಥ ಗಾಡಿಯನ್ನು ಎದುರಿಗಿಟ್ಟುಕೊಂಡು “ಇದು ಯಾವ ಬಂದರಿಗೆ ಬಂತು ಸ್ವಾಮಿ?” ಎಂದು ಕೇಳಿ ಫೈಲನ್ನು ಪಕ್ಕಕ್ಕಿಡುವ ಆರ್‌ಟಿಒ ಇನ್ಸ್‌ಪೆಕ್ಟರನ್ನು ನಾನು ಗೌರವದಿಂದ ಕಾಣುತ್ತೇನೆ. ಆ ಕ್ಷಣದಲ್ಲಿ ಅವರು ಬೈಸಿಕೊಳ್ಳುತ್ತಾರೆ, ಲಂಚಕ್ಕೆ ಕಾಯುತ್ತಿದ್ದಾರೆ ಎಂಬ ಮಾತೂ ಬರುತ್ತದೆ. ಆದರೆ ಅವರು ತಡೆದು ನಿಲ್ಲಿಸುವುದು ಮುಂದಿನ ನಾಲ್ಕು ಕುಟುಂಬಗಳ ದುಡ್ಡನ್ನು. ಅವರ ಕೈಗೆ ಸರಿಯಾದ ಸಲಕರಣೆ ಕೊಡದಿರುವುದು ಸರ್ಕಾರದ ತಪ್ಪು. ಬಿಲ್ ಆಫ್ ಎಂಟ್ರಿಯ ನಂಬರು, ತಾರೀಖು, ಬಂದರು ಗೊತ್ತಿದ್ದರೆ ಕಸ್ಟಮ್ಸ್ ಇಲಾಖೆಯ ಐಸ್‌ಗೇಟ್ ತಾಣದಲ್ಲಿ ಅದರ ಸ್ಥಿತಿಯನ್ನು ಈಗಲೂ ನೋಡಬಹುದು. ಅದನ್ನೇ ಒಂದು ಹೆಜ್ಜೆ ಮುಂದೊಯ್ದು, ಚಾಸಿ ನಂಬರ್ ಒತ್ತಿದರೆ ಆ ಗಾಡಿಯ ಆಮದಿನ ದಾಖಲೆ ನೇರವಾಗಿ ವಾಹನ್ ಪರದೆಯ ಮೇಲೆ ಬರುವಂತೆ ಮಾಡಬೇಕು. ಜೆರಾಕ್ಸ್ ಪ್ರತಿ ನೋಡಿ ವಿದೇಶಿ ಗಾಡಿಯನ್ನು ನೋಂದಣಿ ಮಾಡುವುದು ದೇಶದ ಯಾವ ಮೂಲೆಯಲ್ಲೂ ನಡೆಯಬಾರದು. ಐಸ್‌ಗೇಟ್, ವಾಹನ್ ಎರಡೂ ಕೇಂದ್ರ ಸರ್ಕಾರದ ವ್ಯವಸ್ಥೆಗಳೇ. ಮನಸ್ಸು ಮಾಡಿದರೆ ಆಗದ ಕೆಲಸವಲ್ಲ.

ಇನ್ನು ಹಳೆಯ ಗಾಡಿಗಳ ಪ್ರಾಮಾಣಿಕ ಮಾಲೀಕರ ಮಾತು. 50 ವರ್ಷ ದಾಟಿದ ಗಾಡಿಗಳಿಗೆ 2021ರಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದು, ವಿಎ ಅಕ್ಷರಗಳ ಪ್ಲೇಟ್ ಕೊಟ್ಟು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ ಇಟ್ಟು, ಹತ್ತು ವರ್ಷದ ನೋಂದಣಿಗೆ ದಾರಿ ಮಾಡಿಕೊಟ್ಟಿತು. ಅಲ್ಲಿಯೂ ಹೊರದೇಶದಿಂದ ಬಂದದ್ದಾದರೆ ಬಿಲ್ ಆಫ್ ಎಂಟ್ರಿ, ಇಲ್ಲಿಯೇ ನೋಂದಣಿಯಾಗಿದ್ದರೆ ಹಳೆಯ ಆರ್‌ಸಿ ಕೇಳುತ್ತಾರೆ. ಒಳ್ಳೆಯ ಕ್ರಮ. ನಲವತ್ತು ವರ್ಷದ ಡಿಸ್ಪೋಸಲ್ ಜೀಪಿನ ಮೊಮ್ಮಗನಿಗೂ ಇಂಥದ್ದೊಂದು ದಾರಿ ಬೇಕು: ಇರುವ ಕಾಗದಗಳನ್ನೆಲ್ಲ ಮುಂದಿಟ್ಟು, ಚಾಸಿ ಪ್ರಿಂಟ್ ಕೊಟ್ಟು, ಊರಿನಲ್ಲಿ ಗಾಡಿಯನ್ನು ಕಂಡವರ ಅಫಿಡವಿಟ್ ಕೊಟ್ಟು, ಬ್ರೋಕರ್ ಕೈಗೆ ಬೀಳದೆ ಮುಗಿಸುವಂಥ ದಾರಿ.

ಕೊಳ್ಳುವ ಮೊದಲೇ ಇದನ್ನು ಓದುತ್ತಿರುವವರಿಗೆ ಒಂದು ಮಾತು. ದುಡ್ಡನ್ನು ಬ್ಯಾಂಕಿನ ಮೂಲಕವೇ ಕೊಡಿ. ಕರಾರು ಪತ್ರದಲ್ಲಿ ಚಾಸಿ ನಂಬರ್, ಬಿಲ್ ಆಫ್ ಎಂಟ್ರಿ ನಂಬರ್ ಎರಡನ್ನೂ ಬರೆಸಿ. ಮಾರುವವರಿಗೆ ಮಾರುವ ಹಕ್ಕು ಇರಲೇಬೇಕೆಂಬುದು 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಮು ಪ್ರತಿ ಮಾರಾಟದಲ್ಲೂ ಸೇರಿದೆ ಎಂದು ಭಾವಿಸುವ ಷರತ್ತು. ಕೈಯಲ್ಲಿ ಬರಹವಿದ್ದರೆ ಅದನ್ನು ಹಿಡಿದು ದುಡ್ಡು ವಾಪಸು ಕೇಳುವುದು ಸುಲಭ.

ಕೊಂಡ ಮೇಲೆ ಅನುಮಾನ ಹುಟ್ಟಿದವರ ಪಾಡು ಇನ್ನೂ ಕಷ್ಟ. ಅವರಲ್ಲಿ ಹೆಚ್ಚಿನವರಿಗೆ ಮೊದಲು ಬರುವ ಯೋಚನೆ, ಸದ್ದಿಲ್ಲದೆ ಇನ್ನೊಬ್ಬರಿಗೆ ದಾಟಿಸಿಬಿಡೋಣ ಎನ್ನುವುದು. ದಯವಿಟ್ಟು ಹಾಗೆ ಮಾಡಬೇಡಿ. ಅನುಮಾನ ಗೊತ್ತಿದ್ದೂ ಮಾರಿದರೆ ಅಲ್ಲಿಯ ತನಕ ಮೋಸಹೋದವರ ಪಟ್ಟಿಯಲ್ಲಿದ್ದ ನಿಮ್ಮ ಹೆಸರು ಮೋಸ ಮಾಡಿದವರ ಪಟ್ಟಿಗೆ ಸೇರುತ್ತದೆ. ಮೊದಲ ನೋಂದಣಿ ಮಾಡಿದ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಬರೆದು, ನಿಮ್ಮ ಗಾಡಿಯ ನೋಂದಣಿಗೆ ಇಟ್ಟ ಎಲ್ಲ ಕಾಗದಗಳ ದೃಢೀಕೃತ ಪ್ರತಿ ಕೇಳಿ. 30 ದಿನದೊಳಗೆ ಅವರು ಉತ್ತರ ಕೊಡಬೇಕು. ಬಂದ ಪ್ರತಿಗಳನ್ನು ಕಸ್ಟಮ್ಸ್ ಕಾನೂನು ಬಲ್ಲ ವಕೀಲರಿಗೆ ತೋರಿಸಿ, ಕಸ್ಟಮ್ಸ್‌ನವರು ನಿಮ್ಮಲ್ಲಿಗೆ ಬರುವ ಮೊದಲು ನೀವೇ ಅವರಲ್ಲಿಗೆ ಹೋಗಿ. ನಂಬಿ ಕೊಂಡವರು ಎಂಬ ನಿಮ್ಮ ಮಾತಿಗೆ ಆಗ ಇರುವ ತೂಕ, ಗಾಡಿ ಅವರ ಅಂಗಳ ಸೇರಿದ ಮೇಲೆ ಇರುವುದಿಲ್ಲ.